ಆ ಕಾಲ್ ಸರಿಯೇ, ತಪ್ಪೇ? ಪೋಕರ್ ಟೂರ್ನಿ ಮುಗಿದ ಮೇಲೆ ನಿರ್ಧಾರಗಳನ್ನು ತೂಗುವ ಬಗೆ

ಪ್ರಶ್ನೆ: ಒಂಬತ್ತು ಮಂದಿಯ, ಒಂದೇ ಟೇಬಲ್‌ನ ಆನ್‌ಲೈನ್ ಟೂರ್ನಿ. ಆರಂಭಕ್ಕೆ ತಲಾ 1,500 ಚಿಪ್ಸ್. ಬಹುಮಾನ ಮೊದಲ ಮೂವರಿಗೆ ಮಾತ್ರ, 50-30-20ರ ಲೆಕ್ಕದಲ್ಲಿ. ನಾಲ್ವರು ಉಳಿದಿದ್ದಾಗ ಬ್ಲೈಂಡ್ (ಪ್ರತಿ ಹ್ಯಾಂಡ್‌ಗೆ ಮೊದಲು ಸರದಿಯಂತೆ ಇಬ್ಬರು ಕಡ್ಡಾಯವಾಗಿ ಕಟ್ಟುವ ಚಿಪ್ಸ್; ಸ್ಮಾಲ್, ಬಿಗ್) 100/200, ಆಂಟಿ (ಎಲ್ಲರೂ ಕಟ್ಟುವ ಸಣ್ಣ ಮೊತ್ತ) ಇಲ್ಲ. ಬಿಗ್ ಬ್ಲೈಂಡ್‌ನಲ್ಲಿದ್ದ ನನ್ನ ಬಳಿ 4,000 ಇತ್ತು. ಮೊದಲು ಆಡಬೇಕಾದವನು (2,500) ಫೋಲ್ಡ್, ಅಂದರೆ ಎಲೆ ಬಿಟ್ಟುಕೊಟ್ಟ; ಬಟನ್, ಅಂದರೆ ಎಲೆ ಹಂಚುವವನ ಸ್ಥಾನದಲ್ಲಿದ್ದವನು (1,500) ಫೋಲ್ಡ್; ಸ್ಮಾಲ್ ಬ್ಲೈಂಡ್‌ನವನು (5,500) ನೇರ ಆಲ್‌ಇನ್, ಅಂದರೆ ಇದ್ದ ಚಿಪ್ಸ್ ಎಲ್ಲ ಪಣಕ್ಕೆ. ನಾನು ಏಸ್-ಜಾಕ್ ಆಫ್‌ಸೂಟ್ (ಎರಡು ಬೇರೆ ಬೇರೆ ಜಾತಿಯ ಎಲೆ) ಹಿಡಿದು ಕಾಲ್ ಮಾಡಿದೆ, ಅಂದರೆ ನನ್ನ ಚಿಪ್ಸ್ ಹಾಕಿ ಸರಿಗಟ್ಟಿದೆ. ಅವನದು ಕಿಂಗ್-8. ರಿವರ್‌ನಲ್ಲಿ, ಅಂದರೆ ಮೇಜಿನ ಐದನೆಯ, ಕೊನೆಯ ಎಲೆಯಾಗಿ, ಕಿಂಗ್ ಬಂತು, ನಾನು ನಾಲ್ಕನೆಯವನಾಗಿ ಹೊರಬಿದ್ದೆ. ನಾನೇ ಮುಂದಿದ್ದೆನಲ್ಲ, ಇದು ಬರೀ ದುರದೃಷ್ಟವೇ? ಅದೇ ಟೂರ್ನಿಯ ಎರಡನೇ ಲೆವೆಲ್‌ನಲ್ಲಿ ಕಿಂಗ್-ಕ್ವೀನ್ ಇದ್ದೂ ರಿವರ್‌ನಲ್ಲಿ ಪಾಟ್‌ನಷ್ಟೇ (ಅಲ್ಲಿಯವರೆಗೆ ಮೇಜಿನ ನಡುವೆ ಸೇರಿದ ಚಿಪ್ಸ್‌ನಷ್ಟೇ) ದೊಡ್ಡ ಬೆಟ್‌ಗೆ ಹೆದರಿ ಫೋಲ್ಡ್ ಮಾಡಿದ್ದೆ. ಇಂಥ ನಿರ್ಧಾರಗಳನ್ನು ಆಮೇಲೆ ಕುಳಿತು ಪರಿಶೀಲಿಸುವ ಸರಿಯಾದ ಕ್ರಮ ಯಾವುದು?

ಉತ್ತರ: ಮೊದಲ ಹ್ಯಾಂಡ್‌ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಆ ಕಾಲ್ ತಪ್ಪು. ಕಿಂಗ್ ಬಿದ್ದದ್ದರಿಂದ ತಪ್ಪಾದದ್ದಲ್ಲ. ಕಿಂಗ್ ಬೀಳದೆ ನೀವು 8,000ಕ್ಕೆ ಏರಿದ್ದರೂ ಅಷ್ಟೇ ತಪ್ಪು. ಎದುರಾಳಿ ತನ್ನ ಕಿಂಗ್-8 ಅನ್ನು ತೆರೆದು ತೋರಿಸಿಯೇ ಆಲ್‌ಇನ್ ಮಾಡಿದ್ದರೂ ಎಲೆ ಕೆಳಗಿಡುವುದೇ ಸರಿಯಾಗುತ್ತಿತ್ತು. ಇದು ವಿಚಿತ್ರ ಅನಿಸಬಹುದು, ಆದರೆ ಲೆಕ್ಕ ಸರಳ. ಒಮ್ಮೆ ಕೈಯಾರೆ ಮಾಡಿ ನೋಡಿದರೆ ಮರೆಯುವುದಿಲ್ಲ.

“ನಾನು ಮುಂದಿದ್ದೆ” ಎನ್ನುವ ಮಾತೇ ಪರಿಶೀಲನೆಯ ದಾರಿ ತಪ್ಪಿಸುತ್ತದೆ. ಮುಂದಿದ್ದೆನೇ ಎಂಬುದಲ್ಲ, ಕೊಟ್ಟ ಬೆಲೆಗೆ ತಕ್ಕಷ್ಟು ಮುಂದಿದ್ದೆನೇ ಎಂಬುದು ಪ್ರಶ್ನೆ. ಆ ಬೆಲೆಯನ್ನು ಎರಡು ಬಗೆಯಲ್ಲಿ ಅಳೆಯಬಹುದು. ಚಿಪ್ಸ್‌ನಲ್ಲಿ ಅಳೆದರೆ ಹೀಗೆ: ಅವನು 5,500 ತಳ್ಳಿದರೂ ನಿಮ್ಮ ವಿರುದ್ಧ ಲೆಕ್ಕಕ್ಕೆ ಬರುವುದು 4,000 ಮಾತ್ರ. ನಿಮ್ಮ 200 ಆಗಲೇ ಪಾಟ್‌ನಲ್ಲಿದೆ. ಅಂದರೆ 4,200 ಇರುವ ಪಾಟ್‌ಗೆ 3,800 ಹಾಕಿ 8,000ಕ್ಕೆ ಸ್ಪರ್ಧಿಸುತ್ತೀರಿ. 3,800ನ್ನು 8,000ದಿಂದ ಭಾಗಿಸಿದರೆ ಶೇ 47.5. ಏಸ್-ಜಾಕ್ ಆಫ್‌ಸೂಟ್‌ಗೆ ಯಾವುದೇ ಎರಡು ಎಲೆಗಳ ಎದುರು ಸುಮಾರು ಶೇ 63.6 ಗೆಲುವಿನ ಪಾಲು ಇದೆ. ಇಷ್ಟೇ ನೋಡಿದರೆ ಕಾಲ್ ಕಣ್ಣುಮುಚ್ಚಿ ಮಾಡುವಂಥದ್ದು. ನೀವು ಮನಸ್ಸಿನಲ್ಲಿ ಮಾಡಿದ್ದೂ ಬಹುಶಃ ಇದೇ ಲೆಕ್ಕ. ಚಿಪ್ಸ್ ನೇರ ಹಣವೇ ಆಗಿರುವ ಕ್ಯಾಶ್ ಗೇಮ್ ಆಗಿದ್ದರೆ ಅದಕ್ಕೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಆದರೆ ಟೂರ್ನಿಯಲ್ಲಿ ಚಿಪ್ಸ್ ಹಣವಲ್ಲ. ಮೇಜಿನ ಮೇಲಿನ 13,500 ಚಿಪ್ಸ್ ಪೂರ್ತಿ ನಿಮ್ಮದಾದರೂ ಸಿಗುವುದು ನಿಧಿಯ ಅರ್ಧ ಮಾತ್ರ. ಹಾಗಾಗಿ ಎರಡನೇ ಅಳತೆ ಬೇಕು: ಈ ಚಿಪ್ಸ್‌ಗೆ ಈ ಕ್ಷಣದಲ್ಲಿ ಬಹುಮಾನದ ನಿಧಿಯಲ್ಲಿ ಎಷ್ಟು ಪಾಲು? ಅದಕ್ಕೆ ಬಳಸುವ ಮಾದರಿ ಇಂಡಿಪೆಂಡೆಂಟ್ ಚಿಪ್ ಮಾಡೆಲ್, ಆಟಗಾರರ ಬಾಯಲ್ಲಿ ಐಸಿಎಂ. ಅದರ ಹಿಂದಿರುವ ಸೂತ್ರ ಪೋಕರ್‌ನದಲ್ಲ. 1973ರಲ್ಲಿ ಡೇವಿಡ್ ಹಾರ್ವಿಲ್ ಕುದುರೆ ಓಟದಲ್ಲಿ ಯಾವ ಕುದುರೆ ಎಷ್ಟನೆಯದಾಗಿ ಬರಬಹುದು ಎಂದು ಅಳೆಯಲು ಕೊಟ್ಟದ್ದು. ಮೇಸನ್ ಮಾಲ್ಮತ್ 1987ರಲ್ಲಿ ಅದನ್ನು ಪೋಕರ್ ಟೂರ್ನಿಗೆ ಹೊಂದಿಸಿದರು.

ಫೋಲ್ಡ್ ಮಾಡಿದ್ದರೆ ಏನಾಗುತ್ತಿತ್ತು ಎಂಬುದರಿಂದ ಶುರುಮಾಡಿ. ನಿಮಗೆ 3,800, ಅವನಿಗೆ 5,700, ಉಳಿದಿಬ್ಬರಿಗೆ 2,500 ಮತ್ತು 1,500. ಮೊದಲ ಸ್ಥಾನದ ಸಾಧ್ಯತೆ ಎಂದರೆ ಒಟ್ಟು ಚಿಪ್ಸ್‌ನಲ್ಲಿ ನಿಮ್ಮ ಪಾಲು: 3,800 ಭಾಗಿಸು 13,500, ಅಂದರೆ ಶೇ 28.1. ಎರಡನೇ ಸ್ಥಾನಕ್ಕೆ ಬೇರೊಬ್ಬ ಗೆದ್ದ ಎಂದುಕೊಂಡು ಅವನ ಚಿಪ್ಸ್ ತೆಗೆದುಹಾಕಿ, ಉಳಿದದ್ದರಲ್ಲಿ ನಿಮ್ಮ ಪಾಲು ನೋಡಬೇಕು. 5,700ರವನು ಗೆಲ್ಲುವ ಸಾಧ್ಯತೆ ಶೇ 42.2, ಆಗ ಉಳಿದ 7,800ರಲ್ಲಿ ನಿಮ್ಮದು 3,800, ಅಂದರೆ ಶೇ 48.7, ಎರಡನ್ನೂ ಗುಣಿಸಿದರೆ ಶೇ 20.57. ಹೀಗೆಯೇ 2,500ರವನು ಗೆದ್ದಾಗ 6.40, 1,500ರವನು ಗೆದ್ದಾಗ 3.52. ಮೂರನ್ನೂ ಕೂಡಿದರೆ ಶೇ 30.5. ಮೂರನೇ ಸ್ಥಾನಕ್ಕೂ ಇದೇ ಕ್ರಮ, ಇಬ್ಬಿಬ್ಬರನ್ನು ತೆಗೆದುಹಾಕುವ ಆರು ಜೋಡಿಗಳೊಂದಿಗೆ. ಮೊತ್ತ ಶೇ 26.6. ಉಳಿದ ಶೇ 14.8 ಬರಿಗೈ. ನಿಧಿಯನ್ನು 100 ಎಂದುಕೊಂಡರೆ 14.07 + 9.15 + 5.32, ಅಂದರೆ ಫೋಲ್ಡ್‌ನ ಬೆಲೆ 28.54.

ಈಗ ಕಾಲ್ ಮಾಡಿ ಗೆದ್ದಿರಿ ಎನ್ನಿ: ನಿಮಗೆ 8,000, ಅವನಿಗೆ 1,500, ಉಳಿದಿಬ್ಬರು ಹಾಗೇ. ಅದೇ ಸೂತ್ರ ಹಾಕಿದರೆ ಮೊದಲ ಮೂರು ಸ್ಥಾನಗಳ ಸಾಧ್ಯತೆ 59.3, 28.3, 10.3, ಬೆಲೆ 40.17. ಸೋತರೆ ಸೊನ್ನೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿ. ಚಿಪ್ಸ್ 3,800ರಿಂದ 8,000ಕ್ಕೆ, ಅಂದರೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಹಣ 28.54ರಿಂದ 40.17ಕ್ಕೆ, ಒಂದೂವರೆ ಪಟ್ಟೂ ಆಗಲಿಲ್ಲ. ಸೋಲಿನಲ್ಲಿ 28.54 ಪೂರ್ತಿ ಹೋಗುತ್ತದೆ, ಗೆಲುವಿನಲ್ಲಿ ಬರುವುದು 11.63 ಮಾತ್ರ. ಕಾಲ್ ಸರಿಯಾಗಬೇಕಾದರೆ ಬೇಕಾದ ಗೆಲುವಿನ ಪಾಲು 28.54 ಭಾಗಿಸು 40.17, ಅಂದರೆ ಶೇ 71. ಚಿಪ್ಸ್ ಲೆಕ್ಕ ಕೇಳಿದ್ದು 47.5. ನಡುವಿನ ಇಪ್ಪತ್ತಮೂರೂವರೆ ಅಂಕಗಳ ಅಂತರವನ್ನು ರಿಸ್ಕ್ ಪ್ರೀಮಿಯಂ ಅನ್ನುತ್ತಾರೆ, ಅಂದರೆ ಬಹುಮಾನದ ಹೊಸ್ತಿಲಲ್ಲಿ ನಿಂತು ಜೀವ ಪಣಕ್ಕಿಡಲು ತೆರಬೇಕಾದ ಹೆಚ್ಚುವರಿ ಬೆಲೆ.

ಶೇ 71 ಯಾವ ಕೈಗಳಿಗೆ ಸಿಗುತ್ತದೆ? ಅವನು ಕಣ್ಣುಮುಚ್ಚಿ ಯಾವುದೇ ಎರಡು ಎಲೆಗೂ ಆಲ್‌ಇನ್ ಮಾಡುತ್ತಾನೆ ಎಂದುಕೊಂಡರೂ, ಜೋಡಿ 9ಕ್ಕೆ ಶೇ 72, ಜೋಡಿ 8ಕ್ಕೆ ಶೇ 69. ಏಸ್-ಕಿಂಗ್ ಸೂಟೆಡ್‌ಗೆ (ಎರಡೂ ಒಂದೇ ಜಾತಿಯ ಎಲೆ) 67, ಆಫ್‌ಸೂಟ್ ಆದರೆ 65. ಹಾಗಾಗಿ ಕಾಲ್ ಮಾಡಬಹುದಾದದ್ದು ಜೋಡಿ 9 ಮತ್ತು ಅದರ ಮೇಲಿನ ಜೋಡಿಗಳು ಮಾತ್ರ. ಏಸ್-ಕಿಂಗ್ ಕೂಡ ಫೋಲ್ಡ್. ಏಸ್-ಜಾಕ್ ಕಿಂಗ್-8ರ ಎದುರು ಸುಮಾರು 65ರಲ್ಲಿ ನಿಲ್ಲುತ್ತದೆ. ಎಲೆ ನೋಡಿಯೂ ಬಿಡಬೇಕಿತ್ತು ಎಂದದ್ದು ಇದಕ್ಕೇ. ಅವನು ಒಳ್ಳೆಯ ಕೈಗಳನ್ನು ಮಾತ್ರ ತಳ್ಳುವ ಆಟಗಾರನಾದರೆ ನಿಮ್ಮ ಪಟ್ಟಿ ಇನ್ನೂ ಬಿಗಿಯಾಗುತ್ತದೆ.

ತಪ್ಪಿನ ಗಾತ್ರವನ್ನೂ ಬರೆದಿಡಿ, ಬರೀ “ತಪ್ಪು” ಎಂದು ಬರೆದರೆ ಸಾಲದು. ಅವನ ರೇಂಜ್, ಅಂದರೆ ಅವನು ತಳ್ಳುವ ಕೈಗಳ ಪಟ್ಟಿ, ಅತ್ಯಂತ ಸಡಿಲ ಎಂದುಕೊಂಡರೂ ಕಾಲ್‌ನ ಬೆಲೆ 40.17ರ ಶೇ 63.6, ಅಂದರೆ 25.55. ಫೋಲ್ಡ್‌ಗಿಂತ 2.99 ಕಡಿಮೆ. ಒಂಬತ್ತು ಪ್ರವೇಶ ಶುಲ್ಕ ಸೇರಿ ಆದ ನಿಧಿಯ ಶೇ 3 ಎಂದರೆ ಒಂದು ಶುಲ್ಕದ ಕಾಲು ಭಾಗಕ್ಕೂ ಹೆಚ್ಚು, ಒಂದೇ ಕ್ಲಿಕ್ಕಿನಲ್ಲಿ. ಪ್ರತಿ ಟೂರ್ನಿಯಲ್ಲಿ ಶುಲ್ಕದ ಹತ್ತನೇ ಒಂದು ಭಾಗ ಉಳಿಸಿಕೊಳ್ಳುವವನನ್ನು ಒಳ್ಳೆಯ ಆಟಗಾರ ಎನ್ನುವ ಆಟ ಇದು.

“ಫೋಲ್ಡ್ ಮಾಡಿದ್ದರೆ ಬ್ಲೈಂಡ್ ಕಟ್ಟಿ ಕಟ್ಟಿ ಸಾಯುತ್ತಿದ್ದೆ” ಎಂಬ ಸಮರ್ಥನೆ ಈ ಜಾಗದಲ್ಲಿ ಸಾಮಾನ್ಯವಾಗಿ ಬರುತ್ತದೆ. ಮುಂದಿನ ಹ್ಯಾಂಡ್ ನೋಡೋಣ. ಬಟನ್ ಒಂದು ಸೀಟು ಸರಿಯುತ್ತದೆ, ನೀವು 3,800ರೊಂದಿಗೆ ಸ್ಮಾಲ್ ಬ್ಲೈಂಡ್, ನಿಮ್ಮ ಎಡಕ್ಕೆ 2,500ರವನು ಬಿಗ್ ಬ್ಲೈಂಡ್. ಮೊದಲಿಬ್ಬರು ಫೋಲ್ಡ್ ಮಾಡಿದರೆ ಈಗ ತಳ್ಳುವವರು ನೀವು, ಬೆವರುವವನು ಅವನು. ಅವನ ಕಡೆಯಿಂದ ಅದೇ ಲೆಕ್ಕ ಹಾಕಿ: ಫೋಲ್ಡ್ ಮಾಡಿದರೆ 2,300 ಉಳಿದು ಬೆಲೆ 21.28, ಕಾಲ್ ಮಾಡಿ ಗೆದ್ದರೆ 5,000 ಆಗಿ ಬೆಲೆ 33.34. ಅವನಿಗೆ ಬೇಕಾದದ್ದು ಶೇ 64. ನೀವು ಏನು ಸಿಕ್ಕರೂ ತಳ್ಳುತ್ತೀರಿ ಎಂದು ಅವನಿಗೆ ಗೊತ್ತಿದ್ದರೂ ಅವನ ಪಟ್ಟಿ ಜೋಡಿ 7ರಿಂದ ಮೇಲೆ, ಏಸ್-ಕಿಂಗ್, ಏಸ್-ಕ್ವೀನ್, ಸೂಟೆಡ್ ಆದರೆ ಏಸ್-ಜಾಕ್ ಮತ್ತು ಏಸ್-10. ಎಣಿಸಿದರೆ 1,326 ಕಾಂಬೊಗಳಲ್ಲಿ (ಎರಡು ಎಲೆ ಬರಬಹುದಾದ ರೀತಿಗಳಲ್ಲಿ) 88, ಅಂದರೆ ಹದಿನೈದು ಸಲದಲ್ಲಿ ಒಂದು ಸಲ.

ನಿಮ್ಮ ಕಡೆಯ ಅಂಕಿಗಳು: ಸ್ಮಾಲ್ ಬ್ಲೈಂಡ್ ಬಿಟ್ಟು ಫೋಲ್ಡ್ ಮಾಡಿದರೆ 28.11, ತಳ್ಳಿ ಅವನು ಬಿಟ್ಟರೆ 29.38, ಕಾಲ್ ಮಾಡಿಸಿಕೊಂಡು ಸೋತರೆ 14.77, ಗೆದ್ದರೆ 37.99. ಕಳಪೆ ಕೈಗೆ, ಕಾಲ್ ಆದಾಗ ಶೇ 30 ಗೆಲುವು ಸಿಗುತ್ತದೆ ಎಂದು ಹಿಡಿದರೆ, ಒಟ್ಟಾರೆ ನಿಧಿಯ ಶೇಕಡಾ ಮುಕ್ಕಾಲರಷ್ಟು ಲಾಭ. 7-2 ಸಿಕ್ಕರೂ ತಳ್ಳಬಹುದು. ಆದರೆ ಇಲ್ಲೊಂದು ಷರತ್ತು: ಅವನು ಐಸಿಎಂ ಬಲ್ಲವನಾಗಿರಬೇಕು. ಯಾವುದೇ ಏಸ್, ಯಾವುದೇ ಜೋಡಿ ಬಂದರೂ ಕಾಲ್ ಮಾಡುವವನಾದರೆ ಐದರಲ್ಲಿ ಒಂದು ಸಲ ಕಾಲ್ ಬರುತ್ತದೆ. ಆರರಲ್ಲಿ ಒಂದು ಸಲದ ಆಸುಪಾಸಿನ ಗಡಿ ದಾಟಿದ ಕೂಡಲೇ ಕಳಪೆ ಕೈಗಳ ಆಲ್‌ಇನ್ ನಷ್ಟಕ್ಕೆ ತಿರುಗುತ್ತದೆ. ನಿಮ್ಮಂತೆಯೇ ಕಾಲ್ ಮಾಡುವವನ ಎದುರು ನಿಮ್ಮ ಎದುರಾಳಿಯಂತೆ ತಳ್ಳಬಾರದು ಎಂದು ತಮಾಷೆಗೆ ಹೇಳಬಹುದು. ಅವನ ತಪ್ಪು ಕಾಲ್ ಅವನಿಗೂ ನಷ್ಟ, ನಿಮಗೂ ನಷ್ಟ. ಲಾಭವೆಲ್ಲ ಸುಮ್ಮನೆ ಕುಳಿತ ಉಳಿದಿಬ್ಬರಿಗೆ.

ಇದನ್ನೆಲ್ಲ ಪ್ರತಿ ಸಲ ಕೈಯಾರೆ ಮಾಡಬೇಕಿಲ್ಲ. ಐಸಿಎಂಐಸರ್, ಹೋಲ್ಡೆಮ್ ರಿಸೋರ್ಸಸ್ ಕ್ಯಾಲ್ಕುಲೇಟರ್‌ನಂಥ ಸಾಧನಗಳಿಗೆ ಹ್ಯಾಂಡ್ ಹಿಸ್ಟರಿ (ಹ್ಯಾಂಡ್ ನಡೆದ ರೀತಿಯ ಪಠ್ಯ ದಾಖಲೆ) ಅಂಟಿಸಿದರೆ ಸಾಕು. ಆದರೆ ಸಾಧನಕ್ಕೆ ತಪ್ಪು ಕೊಟ್ಟರೆ ತಪ್ಪೇ ಬರುತ್ತದೆ, ಅದೂ ಎರಡು ದಶಾಂಶದ ಗತ್ತಿನಲ್ಲಿ. ಹೆಚ್ಚಾಗಿ ಎಡವುವುದು ಬಹುಮಾನದ ಹಂಚಿಕೆಯಲ್ಲಿ. ಹಳೆಯ ಟೂರ್ನಿಯ ಹಂಚಿಕೆ ಹಾಗೇ ಉಳಿದಿರುತ್ತದೆ. ಸ್ಟ್ಯಾಕ್ (ಆಟಗಾರನ ಬಳಿಯ ಚಿಪ್ಸ್) ಅನ್ನು ಬ್ಲೈಂಡ್ ಕಟ್ಟುವ ಮೊದಲಿನದೋ ನಂತರದ್ದೋ ನೋಡದೆ ತುಂಬುವುದು ಇನ್ನೊಂದು. ಹ್ಯಾಂಡ್ ಹಿಸ್ಟರಿಯಲ್ಲಿ ಸಾಮಾನ್ಯವಾಗಿ ಕಟ್ಟುವ ಮೊದಲಿನ ಅಂಕಿ ಇರುತ್ತದೆ, ಆಟದ ಪರದೆಯ ಚಿತ್ರದಲ್ಲಿ ಕಟ್ಟಿದ ಮೇಲಿನದು. ಆಂಟಿ ಇರುವ ಟೂರ್ನಿಯಲ್ಲಿ ಅದನ್ನು ಮರೆತರೆ ತಳ್ಳುವ ರೇಂಜ್ ಇರಬೇಕಾದ್ದಕ್ಕಿಂತ ಬಿಗಿಯಾಗಿ ಬರುತ್ತದೆ. ಬೌಂಟಿ ಟೂರ್ನಿಯನ್ನಂತೂ ಸಾಮಾನ್ಯ ಟೂರ್ನಿಯಂತೆ ಲೆಕ್ಕ ಹಾಕಬೇಡಿ: ಎದುರಾಳಿಯ ತಲೆಗೆ ಇರುವ ಬೆಲೆ ಕಾಲ್‌ನ ಗೆಲುವಿಗೆ ಸೇರುತ್ತದೆ, ಆದರೆ ಅವನ ಸ್ಟ್ಯಾಕ್‌ಗಿಂತ ನಿಮ್ಮದು ದೊಡ್ಡದಿದ್ದರೆ ಅಥವಾ ಸಮವಿದ್ದರೆ ಮಾತ್ರ.

ಸಾಧನ ತೋರಿಸುವ ಸಮತೋಲನದ ರೇಂಜ್, ಅಂದರೆ ನ್ಯಾಶ್ ರೇಂಜ್, ಎಲ್ಲರೂ ಸೂತ್ರದಂತೆ ಆಡುತ್ತಾರೆ ಎಂದು ಹಿಡಿದು ಬಂದದ್ದು. ಅದನ್ನೇ ವೇದವಾಕ್ಯ ಮಾಡಿಕೊಳ್ಳುವವರು ಬಹಳ. ನೀವು ಕಾಲ್ ಮಾಡುವ ಜಾಗದಲ್ಲಿದ್ದರೆ ಎದುರಾಳಿ ನಿಜಕ್ಕೂ ತಳ್ಳುವ ರೇಂಜ್ ಕೊಡಿ. ತಳ್ಳುವ ಜಾಗದಲ್ಲಿದ್ದರೆ ಅವನು ನಿಜಕ್ಕೂ ಕಾಲ್ ಮಾಡುವ ರೇಂಜ್ ಕೊಡಿ. ಗೊತ್ತಿಲ್ಲದಿದ್ದರೆ ಒಂದು ಬಿಗಿ, ಒಂದು ಸಡಿಲ, ಎರಡನ್ನೂ ಹಾಕಿ ನೋಡಿ. ಎರಡರಲ್ಲೂ ಒಂದೇ ಉತ್ತರ ಬಂದರೆ ತಲೆಬಿಸಿ ಬೇಡ. ನಿಮ್ಮ ಏಸ್-ಜಾಕ್ ಅಂಥದ್ದು.

ಐಸಿಎಂಗೂ ಮಿತಿಗಳಿವೆ. ಮುಂದಿನ ಬ್ಲೈಂಡ್ ಯಾರ ಮೇಲೆ ಬೀಳುತ್ತದೆ, ಯಾರು ಎಷ್ಟು ಚೆನ್ನಾಗಿ ಆಡುತ್ತಾರೆ ಎಂಬುದು ಅದಕ್ಕೆ ಕಾಣಿಸುವುದಿಲ್ಲ. ನಿಮ್ಮ ಸನ್ನಿವೇಶದಲ್ಲಿ 1,500ರವನ ಬಳಿ ಇದ್ದದ್ದು ಏಳೂವರೆ ಬಿಗ್ ಬ್ಲೈಂಡ್, ಎರಡೇ ಹ್ಯಾಂಡ್ ಆಚೆ ಬಿಗ್ ಬ್ಲೈಂಡ್ ಅವನ ಸರದಿ. ಅದು ಫೋಲ್ಡ್‌ನ ತೂಕವನ್ನು ಸೂತ್ರ ಹೇಳುವುದಕ್ಕಿಂತ ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ದೊಡ್ಡ ಟೂರ್ನಿಗಳಲ್ಲಿ, ನೂರಾರು ಮಂದಿ ಉಳಿದಿರುವಾಗ, ಈ ಒತ್ತಡ ಬಹಳ ಕಡಿಮೆ. ಚಿಪ್ಸ್ ಲೆಕ್ಕವೇ ಬಹುಮಟ್ಟಿಗೆ ಸಾಕು. ಬಹುಮಾನದ ಗಡಿ ಮತ್ತು ಕೊನೆಯ ಟೇಬಲ್ ಹತ್ತಿರವಾದಂತೆ ಅದು ಏರುತ್ತದೆ. ಎಲ್ಲ ಗೆದ್ದವರಿಗೂ ಒಂದೇ ಸಮನಾದ ಟಿಕೆಟ್ ಸಿಗುವ ಸ್ಯಾಟಲೈಟ್‌ಗಳಲ್ಲಿ ಏಸ್ ಜೋಡಿಯನ್ನೂ ಬಿಡಬೇಕಾದ ಸಂದರ್ಭ ಬರುತ್ತದೆ.

ಎರಡನೇ ಹ್ಯಾಂಡ್‌ಗೆ ಬರೋಣ. ಅದರ ಹಿಸ್ಟರಿಯನ್ನೂ ನೀವು ಕಳಿಸಿದ್ದು ಒಳ್ಳೆಯದಾಯಿತು. ಬ್ಲೈಂಡ್ 15/30. ಬಟನ್‌ನಿಂದ ಇಸ್ಪೀಟ್ ಕಿಂಗ್-ಕ್ವೀನ್‌ನೊಂದಿಗೆ 75ಕ್ಕೆ ರೈಸ್ (ಬೆಟ್ ಏರಿಸುವುದು), ಬಿಗ್ ಬ್ಲೈಂಡ್ ಕಾಲ್, ಪಾಟ್ 165. ಫ್ಲಾಪ್ (ಮೇಜಿನ ಮೊದಲ ಮೂರು ಎಲೆ): ಡೈಮಂಡ್ ಕ್ವೀನ್, ಇಸ್ಪೀಟ್ 8, ಕ್ಲಾವರ್ 4. ನಿಮ್ಮ ಬೆಟ್ 55, ಅವನ ಕಾಲ್, ಪಾಟ್ 275. ಟರ್ನ್ (ನಾಲ್ಕನೇ ಎಲೆ) ಹಾರ್ಟ್ಸ್ 2, ಇಬ್ಬರೂ ಚೆಕ್, ಅಂದರೆ ಬೆಟ್ ಇಲ್ಲ. ರಿವರ್ ಕ್ಲಾವರ್ 2. ಅವನು ತಾನಾಗಿ 275 ಬೆಟ್ ಮಾಡಿದ, ನೀವು ಫೋಲ್ಡ್. ಇಲ್ಲಿ ಐಸಿಎಂ ಒತ್ತಡ ಅಲ್ಪ, ಹಾಗಾಗಿ ಚಿಪ್ಸ್ ಲೆಕ್ಕ ಸಾಕು: 275 ಹಾಕಿ 825ಕ್ಕೆ ಸ್ಪರ್ಧೆ, ಬೇಕಾದದ್ದು ಮೂರರಲ್ಲಿ ಒಂದು. ಪಾಟ್‌ನ ಅರ್ಧದ ಬೆಟ್ ಆಗಿದ್ದರೆ ಶೇ 25, ಮೂರನೇ ಒಂದು ಆಗಿದ್ದರೆ ಶೇ 20 ಸಾಕಾಗುತ್ತಿತ್ತು. ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ.

ಉಳಿದದ್ದು ಎಣಿಕೆ. ನಿಮ್ಮನ್ನು ಸೋಲಿಸುವ ಕೈಗಳು: ಜೋಡಿ 8 ಮೂರು ರೀತಿ, ಜೋಡಿ 4 ಮೂರು ರೀತಿ, ಜೋಡಿ 2 ಒಂದೇ ರೀತಿ. ಸೂಟೆಡ್ ಕ್ವೀನ್-8 ಎರಡು, ಏಕೆಂದರೆ ಒಂದು ಕ್ವೀನ್ ನಿಮ್ಮ ಕೈಯಲ್ಲಿ, ಇನ್ನೊಂದು ಬೋರ್ಡ್‌ನಲ್ಲಿ. ಸೂಟೆಡ್ ಏಸ್-2 ಎರಡು. ಒಟ್ಟು 11. ಏಸ್-ಕ್ವೀನ್ ಮತ್ತು ಕ್ವೀನ್ ಜೋಡಿ ಫ್ಲಾಪ್‌ಗೆ ಮೊದಲೇ ರೀ-ರೈಸ್ ಮಾಡಿರುತ್ತಿದ್ದವು, ಬಿಟ್ಟುಬಿಡಿ. ಬ್ಲಫ್ (ಕೈಯಲ್ಲಿ ಏನೂ ಇಲ್ಲದೆ ಹೆದರಿಸುವ ಬೆಟ್) ಆಗಬಹುದಾದವು: ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಗದೆ ಉಳಿದ ಸೂಟೆಡ್ ಜಾಕ್-10, ಜಾಕ್-9, 10-9, ತಲಾ ನಾಲ್ಕು, ಒಟ್ಟು 12. ಕಾಲ್ ಸರಿಹೋಗಲು ಬೇಕಾದ ಬ್ಲಫ್‌ಗಳು 11ರ ಅರ್ಧ, ಐದೂವರೆ. ಅಂದರೆ ಆ ಹನ್ನೆರಡರಲ್ಲಿ ಅರ್ಧದಷ್ಟನ್ನು ಅವನು ಬ್ಲಫ್ ಮಾಡುತ್ತಾನೆ ಎಂದರೆ ಕಾಲ್‌ಗೆ 17ರಲ್ಲಿ 6, ಶೇ 35, ಕೂದಲೆಳೆಯ ಲಾಭ. ಮೂರನ್ನು ಮಾತ್ರ ಬ್ಲಫ್ ಮಾಡುವವನಾದರೆ 14ರಲ್ಲಿ 3, ಶೇ 21, ಸ್ಪಷ್ಟ ಫೋಲ್ಡ್.

ಎಣಿಕೆಗೆ ಎರಡು ತಿದ್ದುಪಡಿ ಬೇಕು. ಜೋಡಿ 8, ಜೋಡಿ 4 ಇದ್ದವರು ಫ್ಲಾಪ್‌ನಲ್ಲೇ ಚೆಕ್-ರೈಸ್ ಮಾಡುವುದು (ಮೊದಲು ಚೆಕ್ ಮಾಡಿ, ನಿಮ್ಮ ಬೆಟ್ ಬಂದ ಮೇಲೆ ಏರಿಸುವುದು) ಸಾಮಾನ್ಯ. ಅವುಗಳಲ್ಲಿ ಅರ್ಧ ತೆಗೆದರೆ ಸೋಲಿಸುವ ಕೈಗಳು 8ಕ್ಕೆ ಇಳಿದು ನಾಲ್ಕು ಬ್ಲಫ್ ಸಾಕಾಗುತ್ತವೆ. ಇನ್ನೊಂದು, ನೀವು ಟರ್ನ್‌ನಲ್ಲಿ ಚೆಕ್ ಮಾಡಿ ದುರ್ಬಲರಂತೆ ಕಂಡಿರಿ. ಕೆಲವರು ಕ್ವೀನ್-ಜಾಕ್ ಹಿಡಿದೂ ಇಲ್ಲಿ ದೊಡ್ಡ ಬೆಟ್ ಮಾಡುತ್ತಾರೆ. ಅವೆಲ್ಲ ನೀವು ಗೆಲ್ಲುವ ಪಟ್ಟಿಗೆ ಸೇರುತ್ತವೆ. ನನ್ನ ತೀರ್ಪು: ಕಡಿಮೆ ಶುಲ್ಕದ ಟೂರ್ನಿಗಳಲ್ಲಿ ರಿವರ್‌ನ ಪಾಟ್ ಗಾತ್ರದ ಬೆಟ್ ಬ್ಲಫ್ ಆಗಿರುವುದು ಕಡಿಮೆ, ಅಪರಿಚಿತನ ಎದುರು ನಿಮ್ಮ ಫೋಲ್ಡ್ ಒಪ್ಪಬಹುದಾದದ್ದು. ಆದರೆ “ಹೆದರಿ” ಎಂದಿರಲ್ಲ, ಪರಿಶೀಲನೆಯಲ್ಲಿ ಕೆಂಪು ಗೆರೆ ಎಳೆಯಬೇಕಾದದ್ದು ಅಲ್ಲಿ. ಎರಡೂ ನಿರ್ಧಾರ ಒಟ್ಟಿಗೆ ಇಟ್ಟು ನೋಡಿ: ಸೋತರೂ ಟೂರ್ನಿ ಉಳಿಯುತ್ತಿದ್ದ, ಬೆಲೆ ಅಗ್ಗವಿದ್ದ ಕಡೆ ಹೆದರಿದಿರಿ, ಸೋತರೆ ಎಲ್ಲ ಮುಗಿಯುವ, ಬೆಲೆ ದುಬಾರಿಯಿದ್ದ ಕಡೆ ಧೈರ್ಯ ಮಾಡಿದಿರಿ. ಬಹಳ ಮಂದಿಯ ಹ್ಯಾಂಡ್ ಹಿಸ್ಟರಿಯಲ್ಲಿ ಇದೇ ಅದಲುಬದಲು ಇರುತ್ತದೆ.

ಈಗ ಕ್ರಮದ ಬಗ್ಗೆ. ಹ್ಯಾಂಡ್ ಹಿಸ್ಟರಿ ಉಳಿಸುವ ಆಯ್ಕೆಯನ್ನು ಆಟದ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಟೂರ್ನಿಗೆ ಮೊದಲೇ ಆನ್ ಮಾಡಿ. ಕೆಲವು ಕಡೆ ಅದು ತಾನಾಗಿ ಆನ್ ಆಗಿರುವುದಿಲ್ಲ. ಆಡುವಾಗ ಗೊಂದಲವಾದ ಹ್ಯಾಂಡ್‌ಗೆ ಗುರುತು ಹಾಕಿ, ಎರಡೇ ಪದದ ಟಿಪ್ಪಣಿ ಬರೆಯಿರಿ: “ಇವನು ಸಡಿಲ”, “ಟೈಂ ಮುಗೀತು”, “ಸಿಟ್ಟಲ್ಲಿದ್ದೆ”. ಮರುದಿನ ಆ ಯೋಚನೆ ನೆನಪಿರುವುದಿಲ್ಲ. ನೆನಪಿದೆ ಎಂದು ಅನಿಸುವುದು ಫಲಿತಾಂಶ ನೋಡಿದ ಮೇಲೆ ಮನಸ್ಸು ಕಟ್ಟಿಕೊಂಡ ಕಥೆ. ಲೆಕ್ಕದ ಸಾಧನಗಳನ್ನು ಆಡುವಾಗ ತೆರೆಯಲೇಬೇಡಿ, ಹಲವು ಆಟದ ತಾಣಗಳ ನಿಯಮದಲ್ಲಿ ಅದಕ್ಕೆ ನಿಷೇಧವಿದೆ, ಖಾತೆಯೇ ಮುಚ್ಚಿಹೋಗಬಹುದು.

ಪರಿಶೀಲನೆಗೆ ಕುಳಿತಾಗ ಎದುರಾಳಿಯ ಎಲೆ ಮತ್ತು ಫಲಿತಾಂಶ ಮುಚ್ಚಿಡಿ. ಮರುವೀಕ್ಷಣೆಯ ಸಾಧನದಲ್ಲಿ ಅದಕ್ಕೆ ಆಯ್ಕೆ ಇಲ್ಲದಿದ್ದರೆ ಪಠ್ಯವನ್ನು ನಕಲು ಮಾಡಿ ಕೊನೆಯ ಸಾಲುಗಳನ್ನು ಅಳಿಸಿ. ಗೆದ್ದೆತ್ತಿನ ಬಾಲ ಹಿಡಿಯುವುದನ್ನು ತಪ್ಪಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆಮೇಲೆ ಕಾಗದದ ಮೇಲೆ, ಸಾಧನ ತೆರೆಯುವ ಮೊದಲೇ, ಎದುರಾಳಿಯ ರೇಂಜ್ ಬರೆಯಿರಿ. “ಒಳ್ಳೆಯ ಕೈಗಳು” ಎಂದಲ್ಲ; ಯಾವ ಜೋಡಿಗಳು, ಯಾವ ಏಸ್‌ಗಳು, ಯಾವ ಸೂಟೆಡ್ ಕೈಗಳು ಎಂದು. ಜೋಡಿಗೆ 6, ಸೂಟೆಡ್‌ಗೆ 4, ಆಫ್‌ಸೂಟ್‌ಗೆ 12 ಕಾಂಬೊ ಎಂಬ ಎಣಿಕೆಯಿಂದ ಅದು ಎಷ್ಟು ಶೇಕಡಾ ಎಂದು ನೋಡಿ. ಮೊದಮೊದಲು ಬರೆದ ರೇಂಜ್ ಅಸಂಬದ್ಧವಾಗಿ ಬಿಗಿಯಾಗಿಯೋ ಸಡಿಲವಾಗಿಯೋ ಇರುತ್ತದೆ, ಇರಲಿ. ನಂತರ ಬೆಲೆ ಬರೆಯಿರಿ, ಚಿಪ್ಸ್‌ನಲ್ಲೂ ನಿಧಿಯ ಪಾಲಿನಲ್ಲೂ. ಕೊನೆಗೆ ಸಾಧನ ತೆರೆದು ವ್ಯತ್ಯಾಸ ನೋಡಿ. ಈಕ್ವಿಲ್ಯಾಬ್‌ನಂಥ ಉಚಿತ ಸಾಧನ ಗೆಲುವಿನ ಪಾಲಿಗೆ ಧಾರಾಳ ಸಾಕು.

ತಪ್ಪು ಸಿಕ್ಕಾಗ ಅದು ಯಾವ ಜಾತಿಯದು ಎಂದೂ ಬರೆಯಿರಿ. ಬೆಲೆಯ ಲೆಕ್ಕವೇ ತಪ್ಪಿತ್ತೇ, ಲೆಕ್ಕ ಸರಿಯಿದ್ದು ರೇಂಜ್‌ನ ಅಂದಾಜು ತಪ್ಪಿತೇ, ಅಥವಾ ಎರಡೂ ಗೊತ್ತಿದ್ದು ಕೈ ಕೇಳಲಿಲ್ಲವೇ? ಮದ್ದು ಬೇರೆಬೇರೆ. ಮೊದಲನೆಯದಕ್ಕೆ ಅಭ್ಯಾಸ, ಎರಡನೆಯದಕ್ಕೆ ಎದುರಾಳಿಗಳ ಬಗ್ಗೆ ಟಿಪ್ಪಣಿ. ಮೂರನೆಯದಕ್ಕೆ ಏಕಕಾಲಕ್ಕೆ ಆಡುವ ಟೇಬಲ್‌ಗಳನ್ನು ಕಡಿಮೆ ಮಾಡುವುದು. ಯಾವ ಸಾಧನವೂ ಅಲ್ಲಿ ಕೆಲಸಕ್ಕೆ ಬಾರದು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಇವೆರಡಕ್ಕಿಂತ ದೊಡ್ಡದಾಗಿರಬಹುದಾದ ಒಂದು ಜಾಗ ಉಳಿದಿದೆ. ಎಲ್ಲರೂ ತಾವು ಹೊರಬಿದ್ದ ಹ್ಯಾಂಡ್ ತರುತ್ತಾರೆ, ಏನೂ ನಡೆಯದ ಹ್ಯಾಂಡ್ ಯಾರೂ ತರುವುದಿಲ್ಲ. ಪೋಕರ್‌ಟ್ರ್ಯಾಕರ್, ಹೋಲ್ಡೆಮ್ ಮ್ಯಾನೇಜರ್‌ನಂಥ ತಂತ್ರಾಂಶದಲ್ಲಿ ಹೀಗೊಂದು ಫಿಲ್ಟರ್ ಹಾಕಿ: ಸ್ಟ್ಯಾಕ್ 15 ಬಿಗ್ ಬ್ಲೈಂಡ್ ಅಥವಾ ಕಡಿಮೆ, ನಿಮ್ಮ ಮೊದಲಿನವರೆಲ್ಲ ಫೋಲ್ಡ್, ನೀವು ಬಟನ್ ಅಥವಾ ಸ್ಮಾಲ್ ಬ್ಲೈಂಡ್, ನೀವೂ ಫೋಲ್ಡ್. ತಂತ್ರಾಂಶ ಇಲ್ಲದಿದ್ದರೆ ಕೊನೆಯ ಐದು ಟೂರ್ನಿಗಳ ಹಿಸ್ಟರಿಯಲ್ಲಿ ಕಣ್ಣಾಡಿಸಿ ಕೈಯಾರೆ ಆರಿಸಿ. ಸಿಕ್ಕಿದ ಒಂದೊಂದು ಕೈಯನ್ನೂ ಸಾಧನಕ್ಕೆ ಹಾಕಿ ಫೋಲ್ಡ್‌ನಿಂದ ಎಷ್ಟು ಕಳೆದಿರಿ ಎಂದು ಬರೆಯಿರಿ. ಒಂದೊಂದರ ನಷ್ಟ ನಿಧಿಯ ಶೇಕಡಾ ಅರ್ಧವೋ ಮುಕ್ಕಾಲೋ ಅಷ್ಟೇ ಇದ್ದೀತು. ಆದರೆ ಅಂಥ ನಾಲ್ಕು ಫೋಲ್ಡ್ ಸೇರಿದರೆ ನಿಮ್ಮ ಏಸ್-ಜಾಕ್‌ನ 2.99 ಅನ್ನು ಮುಟ್ಟುತ್ತದೆ, ಮತ್ತು ಅವು ಒಂದೇ ಟೂರ್ನಿಯಲ್ಲಿ ನಾಲ್ಕು ಸಲ ನಡೆದಿದ್ದರೂ ಯಾವುದೂ ನಿಮಗೆ ನೆನಪಿರುವುದಿಲ್ಲ.